ತಂತಿಯ ಕೆಳಗಿನ ಹೇಂಟೆ

ಕೇಳಿದ ಪ್ರಶ್ನೆಗೆ ಉತ್ತರ ಹೇಳಿ ಅಲ್ಲಿಗೇ ನಿಲ್ಲಿಸುವ ವಿದ್ಯೆ ನನಗೆ ಯಾವತ್ತೂ ಒಲಿಯಲಿಲ್ಲ. ವಿಜ್ಞಾನದ ಮಾಸ್ಟ್ರುಗಳಲ್ಲಿ ಇದು ಸಾಮಾನ್ಯ ಕಾಯಿಲೆ. ಗಂಟೆ ಬಾರಿಸಿದರೆ ತರಗತಿಯಲ್ಲಿ ತಾನಾಗಿ ವಾಸಿಯಾಗುತ್ತದೆ. ಮನೆಯಲ್ಲಿ ಗಂಟೆ ಬಾರಿಸುವವರಿಲ್ಲ. ನನ್ನ ರೇಡಿಯೋ ಕೈತಪ್ಪುವ ಸ್ಥಿತಿಗೆ ಬಂದದ್ದು ಈ ಕಾಯಿಲೆಯಿಂದಲೇ.

ಅರುವತ್ತರ ದಶಕದ ಆರಂಭ ಇರಬೇಕು. ವರ್ಷ ಸರಿಯಾಗಿ ಹೇಳಲಾರೆ. ಹೇಳಿದರೂ ನೀವು ನಂಬಬೇಕಾಗಿಲ್ಲ. ಮೂಡಬಿದ್ರೆಯಲ್ಲಿ ಗಿರಿಜಕ್ಕನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನದೆಂದು ಅಲ್ಲಿದ್ದ ಒಂದೇ ವೈಭವ ಬ್ಯಾಟರಿ ರೇಡಿಯೋ. ಅದರ ಏರಿಯಲ್ ತಂತಿ ನನ್ನ ಕೋಣೆಯ ಹೆಂಚಿನ ಮಾಡಿನಿಂದ ಹೊರಟು ದನದ ಹಟ್ಟಿಯ ಮೇಲೆ ಹಾದು ತೆಂಗಿನ ಮರಕ್ಕೆ ಕಟ್ಟಿಕೊಂಡಿತ್ತು. ಹಟ್ಟಿಯ ಮೂಲೆಯಲ್ಲಿ, ತಂತಿಗೆ ಸರಿಯಾಗಿ ಕೆಳಗೆ, ಗಿರಿಜಕ್ಕನ ಹೇಂಟೆ ಕಾವಿಗೆ ಕೂರುತ್ತಿತ್ತು.

ಒಂದು ಸಲ ಇಟ್ಟ ಮೊಟ್ಟೆಗಳೆಲ್ಲ ಕೊಳೆತುಹೋದವು. ನಮ್ಮ ಕಡೆ ಕಾವಿನ ಮೊಟ್ಟೆ ಗುಡುಗಿಗೆ ಸಾಯುತ್ತದೆ ಎಂದು ಬುಟ್ಟಿಯಲ್ಲಿ ಒಂದು ಕಬ್ಬಿಣದ ಮೊಳೆ ಇಡುತ್ತಾರೆ. ಗಿರಿಜಕ್ಕನೂ ಇಟ್ಟಿದ್ದರು. ಮೊಳೆ ಇದ್ದೂ ಹೀಗೇಕೆ ಎಂದು ಯೋಚಿಸಿದವರಿಗೆ ಮೇಲೆ ತಂತಿ ಕಂಡಿತು. ಈ ರೇಡಿಯೋದಿಂದ ಮೊಟ್ಟೆಗೆ ಏನಾದರೂ ಆಗುತ್ತದೆಯೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದರೆ ಮುಗಿಯುತ್ತಿತ್ತು. ನಾನು ಇಲ್ಲ ಎಂದೆ. ಆಮೇಲೆ ಉಸಿರು ತೆಗೆದುಕೊಂಡೆ. ದೊಡ್ಡ ಆಸ್ಪತ್ರೆಗಳಲ್ಲಿ ಇಂಥದೇ ಅಲೆಗಳನ್ನು ಮೈಯೊಳಗೆ ಬಿಟ್ಟು ನೋವಿಗೆ ಶಾಖ ಕೊಡುತ್ತಾರೆ, ಅದು ಅತಿಯಾದರೆ ಜೀವಕೋಶಗಳು ಬೆಂದು ಸಾಯುತ್ತವೆ, ಮೊಟ್ಟೆಯೂ ಮೊದಲಿಗೆ ಒಂದೇ ಜೀವಕೋಶ ಎಂದೆಲ್ಲ ವಿವರಿಸಿದೆ. ಕೊನೆಗೆ, ನಮ್ಮ ಪೆಟ್ಟಿಗೆ ಅಲೆಗಳನ್ನು ಕಳಿಸುವುದಿಲ್ಲ, ಬಂದದ್ದನ್ನು ಹಿಡಿಯುತ್ತದೆ ಅಷ್ಟೆ, ಅದೂ ತೀರ ಬಡಕಲು ಅಲೆ ಎಂದೆ. ಅಷ್ಟು ಹೊತ್ತಿಗೆ ಗಿರಿಜಕ್ಕ ತೀರ್ಮಾನಕ್ಕೆ ಬಂದಾಗಿತ್ತು.

"ಬರುವುದನ್ನು ಕರೆದು ಕೂರಿಸುವವರು ನೀವೇ ಅಲ್ಲವ ಮಾಸ್ಟ್ರೇ?" ಎಂದರು. "ಗುಡುಗು ಆಕಾಶದಲ್ಲಿ ಆಮೇಲೆ ಬರ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಕರಕರ ಅಂತ ಮೊದಲೇ ಉಂಟು."

ಅವರು ಹೇಳಿದ್ದು ನಿಜ. ಮಿಂಚಿನ ಅಲೆಯನ್ನು ರೇಡಿಯೋ ಗುಡುಗಿಗಿಂತ ಮೊದಲೇ ಹಿಡಿಯುತ್ತದೆ. ಇಷ್ಟು ವರ್ಷ ಪಾಠ ಹೇಳಿದರೂ ನಾನು ಅದನ್ನು ಗಮನಿಸಿರಲಿಲ್ಲ.

ಗಿರಿಜಕ್ಕನಿಗೆ ಮನೆಮಾತು ತುಳು, ನನಗೂ ಅದೇ. ಆದರೂ ಮಾಸ್ಟ್ರ ಹತ್ತಿರ ಕನ್ನಡದಲ್ಲೇ ಮಾತಾಡಬೇಕೆಂಬುದು ಅವರ ಶಿಸ್ತು. ಸಿಟ್ಟು ಏರಿದಷ್ಟೂ ಅವರ ಕನ್ನಡ ಪಾಠಪುಸ್ತಕಕ್ಕೆ ಹತ್ತಿರವಾಗುತ್ತಿತ್ತು. "ಮುಂದಿನ ಸಲವೂ ಮೊಟ್ಟೆಗಳು ಹಾಳಾದಲ್ಲಿ ತಂತಿಯನ್ನು ತೆಗೆಯತಕ್ಕದ್ದು" ಎಂದಾಗ ವಿಷಯ ಕೈಮೀರಿದೆ ಎಂದು ತಿಳಿಯಿತು. ತಂತಿ ಹೋದರೆ ನನ್ನ ರೇಡಿಯೋ ಬರಿಯ ಮರದ ಪೆಟ್ಟಿಗೆ. ಸಂಜೆಗಳಲ್ಲಿ ನಾನು ನನ್ನದೇ ಮಾತು ಕೇಳುತ್ತ ಕೂರಬೇಕಾಗುತ್ತಿತ್ತು.

ಆದ್ದರಿಂದ ಪ್ರಯೋಗವೇ ಆಗಲಿ ಎಂದೆ. ಎರಡು ಹೇಂಟೆ, ಎರಡು ಬುಟ್ಟಿ, ಹತ್ತತ್ತು ಮೊಟ್ಟೆ. ಒಂದು ಬುಟ್ಟಿ ತಂತಿಯ ಕೆಳಗೆ, ಗಿರಿಜಕ್ಕನ ಸುಪರ್ದಿಯಲ್ಲಿ. ಇನ್ನೊಂದು ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ, ತಂತಿಯಿಂದ ದೂರ, ನನ್ನ ಸುಪರ್ದಿಯಲ್ಲಿ. ಎರಡರಲ್ಲೂ ಮರಿಯಾದರೆ ರೇಡಿಯೋ ನಿರಪರಾಧಿ. ಕಾವಿಗೆ ಕೂತದ್ದನ್ನು ಮುಟ್ಟಬಾರದು ಎಂದು ಗಿರಿಜಕ್ಕ ತಮ್ಮ ಬುಟ್ಟಿಯ ಹತ್ತಿರ ನನ್ನನ್ನು ಬಿಡಲಿಲ್ಲ. ವಿಜ್ಞಾನವಿರುವುದು ನನ್ನ ಬುಟ್ಟಿಯಲ್ಲಿ ಎಂದುಕೊಂಡು ನಾನು ಮೊಟ್ಟೆಗಳ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆದೆ. ಹೇಂಟೆಯನ್ನು ಎಬ್ಬಿಸಿ, ಒಂದೊಂದನ್ನೂ ಟಾರ್ಚಿಗೆ ಹಿಡಿದು, ಒಳಗೆ ನರ ಮೂಡಿದೆಯೇ ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿದೆ. ಚಿತ್ರಗಳು ಬಹಳ ಚೆನ್ನಾಗಿದ್ದವು. ಹೇಂಟೆ ನನ್ನ ಕೈಯನ್ನು ಕುಕ್ಕಿ ಕುಕ್ಕಿ ಬೇಸತ್ತು, ಕೊನೆಕೊನೆಗೆ ನಾನು ಬರುವುದು ಕಂಡರೆ ತಾನೇ ಎದ್ದು ಹೋಗುತ್ತಿತ್ತು. ಅದನ್ನು ನಾನು ಸಹಕಾರವೆಂದು ಬರೆದುಕೊಂಡೆ.

ಇಪ್ಪತ್ತೊಂದನೆಯ ದಿನ ತಂತಿಯ ಕೆಳಗಿನ ಬುಟ್ಟಿಯಲ್ಲಿ ಎಂಟೋ ಒಂಬತ್ತೋ ಮರಿಗಳು ಚಿಂವ್‌ಗುಟ್ಟಿದವು. ನನ್ನ ಬುಟ್ಟಿಯಲ್ಲಿ ಒಂದೂ ಇಲ್ಲ. ಇನ್ನೆರಡು ದಿನ ಕಾದೆವು, ವಾಸನೆ ಬಂತು.

ಗಿರಿಜಕ್ಕ ಸೌದೆ ಕೊಟ್ಟಿಗೆಗೆ ಬಂದು ಸಂಖ್ಯೆ ಬರೆದ ಮೊಟ್ಟೆಗಳನ್ನೂ ಟಾರ್ಚನ್ನೂ ನನ್ನನ್ನೂ ನೋಡಿದರು.

"ದಿನಕ್ಕೆ ಎಷ್ಟು ಸಲ ತೆಗೆದು ನೋಡ್ತಿದ್ದಿರಿ?"

ಎರಡು ಸಲ ಎಂದೆ. ನಾಲ್ಕಿರಬಹುದು, ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

"ತಣ್ಣಗಾಗಿ ಸತ್ತದ್ದು ಮಾರಾಯ್ರೆ, ಪಾಪ. ನಿಮ್ಮ ತಂತಿ ಅಲ್ಲೇ ಇರಲಿ." ಅವರ ಕನ್ನಡ ಮತ್ತೆ ಆಡುಮಾತಿನ ಕನ್ನಡವಾಗಿತ್ತು.

ಜೀವಕೋಶಗಳನ್ನು ಕೊಲ್ಲುವ ಶಕ್ತಿ ಆ ಹಿತ್ತಿಲಿನಲ್ಲಿ ನಿಜವಾಗಿ ಯಾರಿಗಿದೆ ಎಂಬುದು ಹೀಗೆ ಪ್ರಯೋಗದಿಂದ ಸಿದ್ಧವಾಯಿತು. ರೇಡಿಯೋ ಉಳಿಯಿತು. ಗಿರಿಜಕ್ಕ ಅದರ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ಒಂದೆರಡು ತಿಂಗಳ ಮೇಲೆ ಮಾತ್ರ, ನಾನು ಶಾಲೆಗೆ ಹೊರಟಿದ್ದಾಗ, ಕಾವಿಗಿಡುವ ಮೊಟ್ಟೆಯ ಬುಟ್ಟಿ ಹಿಡಿದು ಜಗಲಿಯಲ್ಲಿ ನಿಂತು ಬಹಳ ಮರ್ಯಾದೆಯಿಂದ ಕೇಳಿದರು: "ಮಾಸ್ಟ್ರೇ, ನೀವು ನಿಮ್ಮೂರು ಕನ್ಯಾನಕ್ಕೆ ಹೋಗದೆ ತುಂಬ ದಿನ ಆಯಿತಲ್ಲ. ಒಂದು ಮೂರು ವಾರ ರಜೆ ಸಿಗ್ತದ?"