ಬಾಯಿಮಾತಿಗೆ ಕರೆದ ಊಟ

"ಇನ್ನು ಮ್ಯಾಲೆ ಈ ಭೂಮಂಡಲನ ನನ್ನ ಆಫೀಸು!" ಎಂದು ಸಾರಿ ಸಿದ್ದಲಿಂಗೇಶ್ ಆದೋನಿ ಬಿಟ್ಟ. ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಯಂತ್ರಗಳ ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಬಿಡಿಸುವುದು ಅವನ ಕೆಲಸ. ಮನೆಯಲ್ಲಿ ಕೂತು ಮಾಡೋಣವೆಂದರೆ ಬರುವವರು ಹೋಗುವವರದೇ ಸಂತೆ! ಅದಕ್ಕೇ ಕಟ್ಟಿಕೊಂಡ ಹೆಂಡತಿ ಹೇಮಾವತಿಯನ್ನೂ, ಕಟ್ಟಿಸಿಕೊಂಡ ಆರು ತಿಂಗಳಿಗಾಗುವಷ್ಟು ಖಡಕ್ ರೊಟ್ಟಿಯನ್ನೂ ಕರೆದುಕೊಂಡು ಜಾರ್ಜಿಯಾ ದೇಶದ ಟಿಬಿಲಿಸಿ ಪಟ್ಟಣಕ್ಕೆ ಬಂದಿಳಿದ.

ಮಾಲೀಕ ಸೋಮಶೇಖರಪ್ಪ ಮಾತ್ರ ಷರತ್ತು ಹಾಕಿದ್ದರು. "ಸೋಮವಾರ ನಮ್ಮ ಯಂತ್ರ ಕೊಳ್ಳೋ ಜರ್ಮನಿ ಮೇಡಮ್ಮಿಗೆ ನಕ್ಷಾ ತೋರಸು. ಆಕಿ ಒಪ್ಪಿದ್ರ ಆರು ತಿಂಗಳು ಅಲ್ಲೇ ಇರು. ಗದ್ದಲ ಆತಂದ್ರ ಮರುದಿನಾನ ವಿಮಾನ ಹತ್ತು!"

"ಗದ್ದಲಾನ? ಇಲ್ಲಿ ನಮ್ಮನ್ನ ಮಾತಾಡಸೋರ ಇಲ್ರಿ ಅಣ್ಣಾರ!"

ಸೋಮವಾರ ಬಂತು. ವೈಫೈ ಸಿಗುವುದು ನಾಲ್ಕು ಮನೆಗೂ ಸೇರಿದ ವರಾಂಡದಲ್ಲಿ ಮಾತ್ರ. ಮೀಟಿಂಗಿಗೆ ಅರ್ಧ ಗಂಟೆಯಿದೆ ಎಂದು ಲ್ಯಾಪ್‌ಟಾಪ್ ತೆರೆದಿಟ್ಟು ಗಂಡಹೆಂಡತಿ ಅಲ್ಲೇ ಊಟಕ್ಕೆ ಕೂತರು. ಪಕ್ಕದ ಮನೆಯ ಮನಾನಾ ಅಜ್ಜಿ ಹಾದುಹೋದರು. ಉಣ್ಣುವಾಗ ಯಾರೇ ಹಾದುಹೋದರೂ ಕರೆಯದೆ ಇರಲು ಆದೋನಿಯ ಬಾಯಿಗೆ ಬರುವುದೇ ಇಲ್ಲ. "ಕಮ್, ಈಟ್!" ಎಂದುಬಿಟ್ಟ ಸಿದ್ದಲಿಂಗೇಶ್.

ಊರಲ್ಲಾಗಿದ್ದರೆ "ಈಗ ಆತ್ರಿ, ನೀವು ಮಾಡ್ರಿ" ಎಂದು ಮುಂದೆ ಹೋಗುತ್ತಿದ್ದರು. ಅಜ್ಜಿ ಕುರ್ಚಿ ಎಳೆದುಕೊಂಡು ಕೂತರು!

"ಯಾಕ ಕರೆದ್ರಿ?" ಹೇಮಾವತಿ ಪಿಸುಗುಟ್ಟಿದಳು.

"ಸುಮ್ನ ಬಾಯಿಮಾತಿಗೆ ಕರೆದ್ನಲೇ!"

"ಹಂಗಂತ ಆಕಿಗೆ ಯಾರು ಹೇಳಬೇಕು?"

ಅಜ್ಜಿ ರೊಟ್ಟಿ ಮುರಿದು, ಗಂಡನನ್ನು ಕೂಗಿದರು. ಗಂಡ ತಮ್ಮನನ್ನು ಕೂಗಿದ. ತಮ್ಮ ಹೂಜಿ ತುಂಬ ದ್ರಾಕ್ಷಾರಸ ಹಿಡಿದು ಸಂಸಾರ ಸಮೇತ ದಯಮಾಡಿಸಿದ. ಎದ್ದು ಹೋಗಿ ಎನ್ನಲು ಸಿದ್ದಲಿಂಗೇಶನಿಗೆ ನಾಲಿಗೆ ಹೊರಳಲಿಲ್ಲ. ಊಟಕ್ಕೆ ಕೂತವರನ್ನು ಎಬ್ಬಿಸುವುದುಂಟೇ? ಆರು ತಿಂಗಳ ರೊಟ್ಟಿಯ ಕಟ್ಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಶೇಂಗಾ ಚಟ್ನಿಯ ಖಾರಕ್ಕೆ ಅಜ್ಜ ಕಣ್ಣೀರಿಟ್ಟ. ಆಮೇಲೆ ಎಲ್ಲರೂ ಎದ್ದು ನಿಂತು ಗಂಟಲೆತ್ತಿ ಹಾಡತೊಡಗಿದರು. ಸರಿಯಾಗಿ ಆಗಲೇ ಪರದೆಯ ಮೇಲೆ ಜರ್ಮನಿ ಮೇಡಮ್ ಒಂದು ಕಡೆ, ಸೋಮಶೇಖರಪ್ಪ ಇನ್ನೊಂದು ಕಡೆ ಪ್ರತ್ಯಕ್ಷರಾದರು!

ಸಿದ್ದಲಿಂಗೇಶನ ಜೀವ ಬಾಯಿಗೆ ಬಂತು. ಹಾಡಿನ ನಡುವೆಯೇ ನಕ್ಷೆ ತೋರಿಸಿದ. ಮೇಡಮ್ ನೋಡಿದರು, ತಲೆಯಾಡಿಸಿದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು: "ಹಿಂದೆ ಏನು ನಡೀತಿದೆ?"

"ಊಟ, ಮೇಡಮ್. ನೀವೂ ಬನ್ನಿ!"

ಹಾಳು ಬಾಯಿ! ಸೋಮಶೇಖರಪ್ಪ ಹಣೆ ಚಚ್ಚಿಕೊಂಡರು. ಮೇಡಮ್ ಮುಖ ಮಾತ್ರ ಅರಳಿತು. "ನಕ್ಷೆ ಚೆನ್ನಾಗಿದೆ, ಒಪ್ಪಿದ್ದೇನೆ. ಮುಂದಿನ ಶುಕ್ರವಾರ ನಮ್ಮ ತಂಡ ಟಿಬಿಲಿಸಿಗೇ ಬರುತ್ತಿದೆ. ಹನ್ನೊಂದು ಜನ. ಊಟಕ್ಕೆ ನಿಮ್ಮಲ್ಲಿಗೇ!"

ಆರು ತಿಂಗಳ ಪರವಾನಗಿ ಸಿಕ್ಕಿತು. ಆದರೆ ಮನೆಯಲ್ಲಿ ಒಂದು ರೊಟ್ಟಿಯೂ ಉಳಿದಿರಲಿಲ್ಲ. ಉಳಿದದ್ದು ಊರಿಂದ ತಂದ ಜೋಳದ ಹಿಟ್ಟು ಮಾತ್ರ.

"ಹೇಮಾ, ಹನ್ನೊಂದು ಮಂದಿಗೆ ರೊಟ್ಟಿ..."

"ಕರೆದೋರು ನೀವು, ಬಡಿಯೋರೂ ನೀವ!"

ಶುಕ್ರವಾರ ಬೆಳಿಗ್ಗೆ ಭೂಮಂಡಲಾಧಿಪತಿ ಲುಂಗಿ ಎತ್ತಿ ಕಟ್ಟಿ ರೊಟ್ಟಿ ಬಡಿಯುತ್ತ ಕೂತಿದ್ದ. ಕೈಗೆ ಬೊಬ್ಬೆ ಬಂದಿತ್ತು, ಬಡಿದದ್ದರಲ್ಲಿ ಒಂದೂ ದುಂಡಗಿರಲಿಲ್ಲ. ಬಾಗಿಲಾಚೆ ಮನಾನಾ ಅಜ್ಜಿ ಹಾದುಹೋದರು. ಅವನ ತುಟಿ ತಾನಾಗಿ ಬಿಚ್ಚಿತು.

"ಕರೀರಿ, ಕರೀರಿ!" ಎಂದಳು ಹೇಮಾವತಿ. "ಇನ್ನೊಂದು ಕಿಲೋ ಹಿಟ್ಟು ನಾದಿ ಕೊಡ್ತೀನಿ!"