ಮಾವನ ಮೂಗು ತಪಾಸಣೆ

ನಮ್ಮ ಸೋದರಮಾವ ಕಚ್ಚದೆ ಬಿಟ್ಟ ಪೇರಲಹಣ್ಣನ್ನು ನಾನು ಚಿಕ್ಕಂದಿನಲ್ಲಿ ತಿಂದೇ ಇಲ್ಲ ಎಂದರೆ ನೀವು ನಂಬಲೇಬೇಕು! ಹೈದರಾಬಾದಿನ ಕುಷಾಯಿಗೂಡದ ದೊಡ್ಡ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಅವರದು ತಪಾಸಣೆಯ ಕೆಲಸ. ತಾವು ನೋಡದ ಮಾಲು ಗೇಟು ದಾಟಬಾರದೆಂಬ ನಿಯಮವನ್ನು ಮನೆಗೂ ತಂದುಬಿಟ್ಟಿದ್ದರು. ರಜೆಗೆ ಕಲಬುರಗಿಯಿಂದ ಬಂದ ನಾವು ಒಂಬತ್ತು ಮಕ್ಕಳು ಸಾಲಾಗಿ ಕೂತರೆ, ಮಾವ ಪ್ರತಿ ಹಣ್ಣಿನ ತುದಿ ಕಚ್ಚಿ, ಕಣ್ಣು ಮುಚ್ಚಿ ಅಗಿದು, "ಪಾಸ್!" ಎಂದು ಕೈಗಿಡುತ್ತಿದ್ದರು. ಐಸ್‌ಕ್ಯಾಂಡಿಗೂ ವಿನಾಯಿತಿ ಇಲ್ಲ.

"ಎಲ್ಲಾ ಎಂಜಲಾತಲ್ರಿ!" ಎಂದು ಅತ್ತೆ ಕೂಗುತ್ತಿದ್ದರು.

"ಹುಳಾ ಇದ್ರ ಜವಾಬ್ದಾರಿ ನೀ ತಗೋತಿಯೇನು?"

ಐಸ್‌ಕ್ಯಾಂಡಿಯಲ್ಲಿ ಹುಳ ಎಲ್ಲಿಂದ ಬರಬೇಕು ಸ್ವಾಮಿ?

ಮುಂದೆ ಹೈದರಾಬಾದಿನ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳತೊಡಗಿದಾಗ, ಅಂಥದೊಂದರಲ್ಲಿ ನನಗೂ ನೌಕರಿ ಸಿಕ್ಕಿ ಮಾವನ ಮನೆಗೇ ಬಂದಿಳಿದೆ. ಏನು ಕೆಲಸವೆಂದು ಕೇಳಿದರು. "ಬ್ಯಾರೆಯವರು ಬರೆದ ಪ್ರೋಗ್ರಾಮಿನ್ಯಾಗ ತಪ್ಪು ಹುಡುಕೂದ್ರಿ ಮಾಮಾ."

"ಅದಕ್ಕ ಪಗಾರಾನೂ ಕೊಡ್ತಾರ? ನಮ್ಮನಿ ಮಂದಿಗೆ ಹೇಳಿ ಮಾಡಿಸಿದ ಕೆಲಸ!"

ಆ ವರ್ಷವೇ ಮಾವನ ಬಲಗಡೆ ಮೂಗು ಕಟ್ಟಿತು. ಕನ್ನಡಿ, ಟಾರ್ಚು ಹಿಡಿದು ಸ್ವಂತ ಮೂಗನ್ನು ತಾವೇ ತಪಾಸಣೆ ಮಾಡಿ, "ಒಂದು ನಡಿತೈತಿ, ಸಾಕು" ಎಂದು ತೀರ್ಪು ಕೊಟ್ಟರು. ಓಮದ ಹಬೆ, ಅರಿಶಿನದ ಹೊಗೆ ಎಲ್ಲ ಆಯಿತು. ತಿಂಗಳುಗಟ್ಟಲೆ ಕಳೆದು ರಕ್ತ ಬಂದಾಗ ಮಾತ್ರ ಅವರನ್ನು ತಾರ್ನಾಕದ ಡಾಕ್ಟರಮ್ಮನ ಹತ್ತಿರ ಎಳೆದೊಯ್ದೆ. ಮೂಗಿನೊಳಗಿನ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದರು. ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್.

ಡಾಕ್ಟರಮ್ಮ ರಾಯಚೂರಿನ ಕಡೆಯವರು. ಮೆಲ್ಲಗೆ ಹೇಳಿದರು: "ವಿಕಿರಣ ಚಿಕಿತ್ಸೆ ಲಗೂನ ಶುರು ಮಾಡೋಣ್ರಿ. ಇದರ ಹಿಂದ ಒಂದು ವೈರಸ್ಸಿನ ಕೈವಾಡ ಇರಬಹುದು."

"ಅದು ಹೆಂಗ ಹರಡತೈತ್ರಿ?" ಎಂದರು ಮಾವ.

"ಹೆಚ್ಚಾಗಿ ಎಂಜಲಿನಿಂದ. ಆದ್ರ..."

ಆ 'ಆದ್ರ' ಕೇಳಲು ಮಾವ ಕುರ್ಚಿಯಲ್ಲಿರಲಿಲ್ಲ! ಬೀದಿಗಿಳಿದು ಆಟೋ ಹತ್ತಿ ಆಗಿತ್ತು.

ಮನೆಗೆ ಹೋದವರೇ ನನ್ನನ್ನು ಬಿಟ್ಟು ಉಳಿದ ಎಂಟೂ ಮಕ್ಕಳಿಗೆ ಫೋನು: "ಭಾನುವಾರ ಬರ್ರಿ. ಮೂಗು ಸಮೇತ." ಅಲ್ಲಿಯವರೆಗೆ ಚಿಕಿತ್ಸೆಯ ಸುದ್ದಿ ಎತ್ತುವಂತಿಲ್ಲ. ಅತ್ತೆ ಅತ್ತರು, ನಾನು ಜಗಳವಾಡಿದೆ. ಏನೂ ಗಿಟ್ಟಲಿಲ್ಲ.

ಮಕ್ಕಳೇನು, ಎಲ್ಲರೂ ಹೆಂಡಿರು ಗಂಡಂದಿರು ಇದ್ದವರು. ಕೂಕಟ್‌ಪಲ್ಲಿಯಿಂದ, ಪುಣೆಯಿಂದ ಬಂದು ನಡುಮನೆಯಲ್ಲಿ ಮತ್ತೆ ಸಾಲಾಗಿ ಕೂತೆವು. ಮಾವ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಮೊಳದುದ್ದದ ಟಾರ್ಚಿನಿಂದ ಒಬ್ಬೊಬ್ಬರ ಹೊಳ್ಳೆಯೊಳಗೂ ಇಣುಕಿದರು. ಕಂಪನಿಯಲ್ಲಿ ಮೂವತ್ತು ಜನರನ್ನು ಗದರಿಸುವ ನನ್ನಣ್ಣ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು ಕೂತ ಭಂಗಿ ನೋಡಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಎಂಟೂ ಮಂದಿ ಪಾಸ್. ಕೊನೆಗೆ ನನ್ನ ಸರದಿ. ಆಫೀಸಿನ ಏಸಿಗೆ ನನ್ನ ಎಡಗಡೆ ಮೂಗು ಕಟ್ಟಿತ್ತು.

ಮಾವ ಆ ಹೊಳ್ಳೆಯೊಳಗೆ ಮೂರು ಸಲ ಇಣುಕಿದರು. 'ಪಾಸ್' ಎನ್ನದೆ ಟಾರ್ಚು ಆರಿಸಿದರು. ಯಾರಿಗೂ ನಗು ಬರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಬಾಗಿಲು ತೆರೆಯುವ ಮೊದಲೇ ನನ್ನನ್ನು ಕರೆದೊಯ್ದು ನಿಂತರು. "ನಂದು ಇರಲಿ. ಮೊದಲ ಈಕಿದು ನೋಡ್ರಿ. ಸಣ್ಣಾಕಿ ಇದ್ದಾಗ ನನ್ನ ಎಂಜಲಾ ಭಾಳ ತಿಂದಾಳ್ರಿ."

ಡಾಕ್ಟರಮ್ಮ ನೋಡಿ, "ನೆಗಡಿ" ಎಂದರು. ಆಮೇಲೆ ಮಾವನನ್ನು ಕೂರಿಸಿ, ಅಂದು ಅರ್ಧಕ್ಕೆ ನಿಂತ ಮಾತು ಮುಂದುವರಿಸಿದರು. "ಆ ವೈರಸ್ ನಮ್ಮೆಲ್ಲಾರ ಮೈಯಾಗೂ ಬಹುತೇಕ ಇರತೈತ್ರಿ, ನನ್ನೊಳಗೂ. ಸಣ್ಣವರಿದ್ದಾಗ ಯಾರಿಂದಲೋ ಬಂದು, ಸುಮ್ಮನ ಮಲಗಿರತೈತಿ. ನಿಮ್ಮ ಗಡ್ಡಿಯೊಳಗ ಅದು ಸಿಕ್ಕೈತಿ, ಅದಕ್ಕ ಅದರ ಪಾತ್ರ ಐತಿ ಅಂತೀವಿ. ಎಲ್ಲೋ ಕೆಲವರಿಗೆ ಮಾತ್ರ ಯಾಕ ಹಿಂಗಾಗತೈತಿ ಅನ್ನೂದು ಇನ್ನೂ ಪೂರ್ತಿ ಗೊತ್ತಿಲ್ಲ. ಆದ್ರ ಈ ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ರಿ."

"ಹಂಗಾರ ನನ್ನಿಂದ ಮಕ್ಕಳಿಗೆ ಏನೂ ಆಗಿಲ್ಲ?"

"ಏನೂ ಆಗಿಲ್ರಿ."

ಮಾವ ಅತ್ತರು. ಹೊರಗೆ ಕೂತ ರೋಗಿಗಳು ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ಅತ್ತರು. ಇಷ್ಟು ದಿನ ಚಿಕಿತ್ಸೆಗೆ ಹೆದರಿ ನಾಟಕ ಮಾಡುತ್ತಿದ್ದಾರೆಂದು ನಾನು ಬೈದುಕೊಂಡಿದ್ದೆನಲ್ಲ! ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಕಣ್ಣೊರೆಸಿಕೊಂಡು, ತಮ್ಮ ಬಗ್ಗೆ ಮೊದಲ ಸಲ ಕೇಳಿದರು:

"ನನಗ ಯಾವಾಗಿಂದ ಶುರು ಮಾಡ್ತೀರಿ ಡಾಕ್ಟರೆ?"