ತಲೆಯಾಡಿಸಿ ಕೆಟ್ಟೆ

ಕೆಲವರಿಗೆ ಕೈ ಸುಮ್ಮನಿರುವುದಿಲ್ಲ, ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ. ನನಗೆ ತಲೆ ಸುಮ್ಮನಿರುವುದಿಲ್ಲ. ಒಳ್ಳೆಯ ಸಂಗೀತ ಕಿವಿಗೆ ಬಿದ್ದರೆ ಸಾಕು, ಅದು ನನ್ನನ್ನೊಂದು ಮಾತೂ ಕೇಳದೆ ಎಡಕ್ಕೂ ಬಲಕ್ಕೂ ಆಡತೊಡಗುತ್ತದೆ. ನಾಲಿಗೆಯೂ ಜೊತೆ ಸೇರಿಕೊಂಡು ಚ್ಚ್ ಚ್ಚ್ ಎಂದು ಲೊಚಗುಟ್ಟುತ್ತದೆ. ಇದು ಮೈಸೂರಿನ ನನ್ನ ಸೋದರಮಾವನಿಂದ ಬಂದ ಆಸ್ತಿ. ಅವರು ಕಚೇರಿಯಲ್ಲಿ ಮೊದಲ ಸಾಲಿನಲ್ಲೇ ಕೂರುತ್ತಿದ್ದರು. ಹಾಡು ಮನಸ್ಸಿಗೆ ನಾಟಿತೆಂದರೆ ಮುಖ ಕಿವುಚಿ, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸುತ್ತ "ಛೇ, ಅಯ್ಯಯ್ಯೋ, ಕೊಂದುಬಿಟ್ಟನಲ್ಲಪ್ಪ" ಎಂದು ನರಳುತ್ತಿದ್ದರು. ಗೊತ್ತಿಲ್ಲದವರು ನೋಡಿದರೆ ಪಾಪ ಹೊಟ್ಟೆನೋವೇನೋ ಎಂದುಕೊಳ್ಳಬೇಕು. ಗೊತ್ತಿದ್ದ ಹಾಡುಗಾರರು ಮಾತ್ರ ಮಾವನ ಒಂದು "ಛೇ" ಕೇಳಲಿಕ್ಕಾಗಿ ರಾಗವನ್ನು ಇನ್ನೊಂದು ಸುತ್ತು ಬೆಳೆಸುತ್ತಿದ್ದರು. ಚಪ್ಪಾಳೆ ಎಲ್ಲರೂ ಹೊಡೆಯುತ್ತಾರೆ, ಅದಕ್ಕೇನು ಬೆಲೆ ಎನ್ನುವುದು ನಮ್ಮ ಕಡೆಯ ಕಲಾವಿದರ ಅಂಬೋಣ.

ನಾನು ಘಟ ನುಡಿಸುತ್ತೇನೆ. ಹೊಟ್ಟೆಪಾಡಿಗೆ ಅಮೆರಿಕದ ಫ್ರೀಮಾಂಟಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಯಂತ್ರಗಳನ್ನು ನೋಡಿಕೊಳ್ಳುವುದು, ಶನಿವಾರ ಭಾನುವಾರ ಮಡಕೆ ತಬ್ಬಿಕೊಂಡು ಕೂರುವುದು. ಬೇ ಏರಿಯಾದಲ್ಲಿ ಘಟದವನಿಗೆ ಕೆಲಸವಿಲ್ಲ ಎಂದಲ್ಲ. ಯಾರದಾದರೂ ಮಗಳ ಮೊದಲ ಕಚೇರಿ ಇದ್ದೇ ಇರುತ್ತದೆ, ಕನ್ನಡ ಕೂಟದ ಯುಗಾದಿ ಇದ್ದೇ ಇರುತ್ತದೆ. ಕಷ್ಟವೆಲ್ಲ ತನಿ ಆವರ್ತನದಲ್ಲಿ, ಅಂದರೆ ಹಾಡುವವರು ಸುಮ್ಮನಾಗಿ ತಾಳವಾದ್ಯದವರಿಗೆ ಜಾಗ ಬಿಟ್ಟುಕೊಡುವ ಹೊತ್ತಿನಲ್ಲಿ. ಅದು ಶುರುವಾದ ಕೂಡಲೇ ಸಭೆಗೆ ಕಾಫಿ ನೆನಪಾಗುತ್ತದೆ. ಮೊದಲು ಮೃದಂಗ, ಆಮೇಲೆ ಘಟ. ನನ್ನ ಸರದಿ ಬರುವಾಗ ಎದುರಿಗೆ ಉಳಿದಿರುವುದು ಖಾಲಿ ಕುರ್ಚಿಗಳು ಮತ್ತು ಮೃದಂಗದವರ ಅತ್ತೆ. ಆಕೆಗೂ ಮಂಡಿನೋವು, ಏಳಲಾರದೆ ಕೂತಿರುತ್ತಾರೆ. ನಾನು ಎಷ್ಟೇ ಬೆರಳು ಸವೆಸಿದರೂ ಯಾರೊಬ್ಬರೂ ಕಣ್ಣು ಮುಚ್ಚಿ ತಲೆಯಾಡಿಸಿದ್ದನ್ನು ಈ ದೇಶದಲ್ಲಿ ನಾನು ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಅದಕ್ಕಾಗಿ ನನ್ನ ಜೀವ ಹಪಹಪಿಸುತ್ತಿತ್ತು.

ಹೀಗಿರುವಾಗ ಲಿನ್ ಎಂಬ ನೃತ್ಯಗಾತಿ ಫೋನ್ ಮಾಡಿದಳು. ಅವಳ ಅಪ್ಪ ಅಮ್ಮ ತೈವಾನಿನವರು, ಅವಳು ಹುಟ್ಟಿದ್ದು ಇಲ್ಲೇ ಓಕ್‌ಲ್ಯಾಂಡಿನಲ್ಲಿ. ಉಡುಪಿನ ಮಾರುದ್ದದ ರೇಷ್ಮೆ ತೋಳುಗಳನ್ನು ಗಾಳಿಯಲ್ಲಿ ಬೀಸುತ್ತ ಕುಣಿಯುವ ಚೀನೀ ನೃತ್ಯ ಅವಳದು. ಅದಕ್ಕೆ ಅಮೆರಿಕದ ಜಾಝ್ ಮತ್ತು ನಮ್ಮ ಕಡೆಯ ತಾಳ ಎರಡನ್ನೂ ಸೇರಿಸಿ ಬರ್ಕ್ಲಿಯಲ್ಲಿ ಒಂದು ಪ್ರಯೋಗ ಮಾಡಬೇಕೆಂದು ಅವಳ ಆಸೆ. ನಡುಭಾಗದಲ್ಲಿ ಘಟ ಮತ್ತು ಡಬಲ್ ಬಾಸ್ ಎಂಬ ಆಳೆತ್ತರದ ಪಿಟೀಲು, ಎರಡೇ ವಾದ್ಯ, ಒಬ್ಬರ ಬಳಿಕ ಒಬ್ಬರು. ಮೃದಂಗ ಇಲ್ಲ. ಮೃದಂಗ ಇಲ್ಲ ಎಂಬ ಮಾತು ಕೇಳಿದ ಮೇಲೆ ಅವಳು ಇನ್ನೇನು ಹೇಳಿದಳೋ ನನಗೆ ಕೇಳಿಸಲಿಲ್ಲ, ಒಪ್ಪಿಕೊಂಡೆ.

ಬಾಸ್ ನುಡಿಸುವವರ ಹೆಸರು ವಾಲ್ಟರ್. ವಯಸ್ಸಾದ ಕಪ್ಪು ಮನುಷ್ಯ, ಆರಡಿ ಮೀರಿದ ಎತ್ತರ, ಮಾತು ಬಹಳ ಕಡಿಮೆ. ಅವರ ಜಾಝ್ ಕೇಳಿಕೊಂಡು ಬೆಳೆದವರು ಈ ಊರುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರಂತೆ. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ "ಯೂ" ಆದರೂ ನನ್ನ ತಲೆಯೊಳಗೆ ಅವರು ಮೊದಲ ದಿನದಿಂದಲೂ ಬಹುವಚನದಲ್ಲೇ ಇದ್ದರು. ನನ್ನ ಘಟವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದರ ಒಳಗೆ ಏನಿದೆ?" ಎಂದರು. ಏನಿಲ್ಲ, ಬರೀ ಗಾಳಿ ಎಂದೆ. "ನನ್ನದರಲ್ಲೂ ಅಷ್ಟೇ" ಎಂದು ತಮ್ಮ ದೊಡ್ಡ ವಾದ್ಯವನ್ನು ತಟ್ಟಿ ನಕ್ಕರು. ಈ ಮನುಷ್ಯ ನನ್ನ ಮಡಕೆಯನ್ನು ಕೇಳಿಸಿಕೊಳ್ಳುತ್ತಾರೆ ಎಂದು ನನಗೆ ಆವತ್ತೇ ಅನ್ನಿಸಿತು.

ರಿಹರ್ಸಲ್ ಬರ್ಕ್ಲಿಯ ಒಂದು ಚರ್ಚಿನ ಸಭಾಂಗಣದಲ್ಲಿ. ವಾಲ್ಟರ್ ತಂತಿಯ ಮೇಲೆ ಬೆರಳಿಟ್ಟು ಕಮಾನಿನಿಂದ ಒಂದು ಸ್ವರ ಎಳೆದರು. ಆ ನಾದ ನೆಲದ ಹಲಗೆಯ ಮೂಲಕ ಬಂದು ನನ್ನ ಮಡಿಲಿನ ಘಟದಲ್ಲಿ ಗುಂಯ್ ಎಂದಿತು. ನನ್ನ ತಲೆ ತಡೆಯಲಿಲ್ಲ. ಕಣ್ಣು ಮುಚ್ಚಿ, ಮುಖ ಕಿವುಚಿ, ಚ್ಚ್ ಚ್ಚ್ ಎಂದು ಆಡಿಸಿದ್ದೇ ಆಡಿಸಿದ್ದು. ವಾಲ್ಟರ್ ನಿಲ್ಲಿಸಿದರು. "ಬೇರೆ ಥರ ನೋಡಲಾ?" ಎಂದು ಕೇಳಿದರು. ಓಹೋ, ಇನ್ನೂ ಸರಕಿದೆ ಎಂದು ನಾನು ಹಿಗ್ಗಿ ಹೂಂ ಎಂದೆ. ಅವರು ಬೇರೆ ಥರ ನುಡಿಸಿದರು, ಅದು ಮೊದಲಿನದಕ್ಕಿಂತ ಚೆನ್ನಾಗಿತ್ತು. ನಾನು "ಛೇ" ಎಂದೆ. ಅವರು ಟವೆಲ್ಲಿನಿಂದ ಹಣೆ ಒರೆಸಿಕೊಂಡರು.

ಮುಂದಿನ ರಿಹರ್ಸಲ್ಲಿನಲ್ಲಿ ಅವರ ಭಾಗ ಸ್ವಲ್ಪ ಚಿಕ್ಕದಾಯಿತು, ಅದರ ಮುಂದಿನದರಲ್ಲಿ ಇನ್ನೂ ಚಿಕ್ಕದಾಯಿತು. ನನಗೆ ಕಳವಳ ಹತ್ತಿತು. ದೊಡ್ಡವರು, ಉತ್ಸಾಹ ಕಳೆದುಕೊಳ್ಳುತ್ತಿದ್ದಾರೆ, ಹುರಿದುಂಬಿಸಬೇಕು ಎಂದುಕೊಂಡು ನಾನು ಇನ್ನೂ ಜೋರಾಗಿ ತಲೆಯಾಡಿಸಿದೆ. ನಾನು ಹುರಿದುಂಬಿಸಿದಷ್ಟೂ ಅವರು ಕುಗ್ಗುತ್ತ ಹೋದರು. ಕೊನೆಗೆ ನಾಲ್ಕು ಸ್ವರ ನುಡಿಸಿ, ನನ್ನ ಮುಖ ನೋಡಿ, ಕಮಾನು ಕೆಳಗಿಳಿಸಿ ನಿಂತುಬಿಡುತ್ತಿದ್ದರು. ಲಿನ್ ರೇಷ್ಮೆ ತೋಳನ್ನು ಅರ್ಧ ಬೀಸಿದವಳು, ಸಂಗೀತ ನಿಂತದ್ದರಿಂದ ಅದನ್ನೇ ಎಡವುತ್ತಿದ್ದಳು.

ನನ್ನ ಸ್ವಭಾವ ಎಂಥದ್ದೆಂದರೆ, ಯಾರ ಮುಖ ಬಾಡಿದರೂ ಅದಕ್ಕೆ ನಾನೇ ಕಾರಣ ಎಂದುಕೊಳ್ಳುತ್ತೇನೆ. ಸಾಮಾನ್ಯವಾಗಿ ಕಾರಣ ನಾನೇ ಆಗಿರುತ್ತೇನೆ, ಆದರೆ ಯಾವುದರಿಂದ ಎಂದು ಮಾತ್ರ ಹೊಳೆಯುವುದಿಲ್ಲ. ತಾಳ ತೊಡಕಾಯಿತೇನೋ ಎಂದು ಖಂಡಚಾಪು ಬಿಟ್ಟು ಆದಿತಾಳಕ್ಕೆ ಬಂದೆ. ಘಟದ ಶ್ರುತಿ ಅವರಿಗೆ ಹಿಂಸೆಯೇನೋ ಎಂದು ಇನ್ನೊಂದು ಘಟ ಕೊಂಡುಹೋದೆ. ಅದಕ್ಕೂ ಅವರು ಕಮಾನು ಇಳಿಸಿದಾಗ ನನ್ನ ಅನುಮಾನ ಅಡುಗೆಮನೆಗೆ ತಿರುಗಿತು. ಮಧ್ಯಾಹ್ನ ಉಂಡ ಸಾರಿನ ಇಂಗಿನ ವಾಸನೆ ಅಂಗಿಯಲ್ಲಿ ಉಳಿದಿರಬೇಕು ಎಂದು ಕಾರಿನಲ್ಲೇ ಬೇರೆ ಅಂಗಿ ಇಟ್ಟುಕೊಂಡು, ಚರ್ಚಿನ ಪಾರ್ಕಿಂಗ್ ಲಾಟಿನಲ್ಲಿ ಬದಲಿಸತೊಡಗಿದೆ.

ನನ್ನ ಹೆಂಡತಿ ವನಜಾ ಹುಬ್ಬಳ್ಳಿಯವಳು. ಅಂಗಿಗಳ ರಾಶಿ ನೋಡಿ ವಿಷಯ ಕೇಳಿದಳು. ಹೇಳಿದೆ.

"ಇಂಗಿನ ವಾಸನಿಗೆ ಹೆದರಿ ಯಾರರ ಬಾರ್ಸೂದು ಬಿಡ್ತಾರೇನ್ರೀ? ನಿಮಗ ತಲಿ ಕೆಟ್ಟದ" ಎಂದಳು.

ತಲೆಯ ವಿಷಯ ಅವಳು ಎಷ್ಟು ಸರಿಯಾಗಿ ಹೇಳಿದ್ದಳೆಂದು ಆಗ ನನಗೆ ಗೊತ್ತಾಗಲಿಲ್ಲ.

ಮುಂದಿನ ರಿಹರ್ಸಲ್ಲಿಗೆ ವಾಲ್ಟರ್ ಬರಲೇ ಇಲ್ಲ. ಲಿನ್ ನನ್ನನ್ನು ಪಕ್ಕಕ್ಕೆ ಕರೆದು, "ವಾಲ್ಟರ್ ಬಿಟ್ಟುಬಿಡ್ತೀನಿ ಅಂತಿದಾರೆ. ನಿಮ್ಮ ಸಂಗೀತಕ್ಕೆ ಬೇಕಾದ್ದು ತಮ್ಮ ಹತ್ರ ಇಲ್ವಂತೆ. ಅವರಿಲ್ಲದೆ ನಾನು ಮಾಡೋಕಾಗಲ್ಲ" ಎಂದಳು. ಅವರಿಗೆ ಬೇಕಾದ್ದು ನನ್ನ ಹತ್ತಿರ ಇಲ್ಲ ಎಂಬುದನ್ನೇ ಅವರು ಮರ್ಯಾದೆಯಾಗಿ ತಿರುಗಿಸಿ ಹೇಳಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ನಮ್ಮ ಕಡೆ ದೊಡ್ಡವರು ಹಾಗೆಯೇ ಹೇಳುವುದು. ಮನೆಗೆ ಬರುವಾಗ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕೂತಿದ್ದ ಘಟವನ್ನು ನೋಡಲೂ ನನಗೆ ನಾಚಿಕೆಯಾಯಿತು. ಫ್ರೀವೇಯಲ್ಲಿ ಇಳಿಯಬೇಕಾದ ಎಕ್ಸಿಟ್ ದಾಟಿ ಮಿಲ್ಪಿಟಸ್ ತನಕ ಹೋಗಿಬಿಟ್ಟೆ.

ಎಲ್ಲಿ ತಪ್ಪಿದೆ ಎಂದು ನೋಡೋಣವೆಂದು ಲಿನ್ ಕಳಿಸಿದ್ದ ರಿಹರ್ಸಲ್ ವಿಡಿಯೊ ಹಾಕಿಕೊಂಡು ಸೋಫಾದಲ್ಲಿ ಕೂತೆ. ನನ್ನ ಕಣ್ಣು ನನ್ನ ಕೈಗಳ ಮೇಲೇ ಇತ್ತು. ವನಜಾ ಬಟ್ಟೆ ಮಡಚುತ್ತ ಹಿಂದೆ ನಿಂತು ನೋಡುತ್ತಿದ್ದವಳು, "ಯಾರು ತೀರ್ಕೊಂಡಾರಂತ ಹಿಂಗ ಕೂತೀರಿ?" ಎಂದಳು.

"ಯಾವಾಗ?"

"ವಿಡಿಯೊದಾಗ್ರೀ. ಅವರು ಪಾಪ ಅಷ್ಟು ಛಂದ ಬಾರಸ್ಲಿಕ್ಕತ್ಯಾರ, ನೀವ್ ನೋಡಿದ್ರ ಬ್ಯಾಡ ಬ್ಯಾಡ ಅಂತ ತಲಿ ಅಲ್ಲಾಡಸ್ಲಿಕ್ಕತ್ತೀರಿ."

"ಅದು ಮೆಚ್ಚುಗೆ ಕಣೇ."

"ನಿಮಗ ಗೊತ್ತದ, ನನಗ ಗೊತ್ತದ. ಅವರಿಗೆ ಯಾರು ಹೇಳ್ಯಾರ?"

ಮತ್ತೆ ನೋಡಿದೆ, ಈ ಸಲ ನನ್ನ ಮುಖವನ್ನು ನೋಡಿದೆ. ದೇವರೇ, ಎಂಥ ಮುಖ. ವಾಲ್ಟರ್ ಜೀವ ಬಿಟ್ಟು ನುಡಿಸುತ್ತಿದ್ದಾರೆ, ಎದುರಿಗೆ ಒಬ್ಬ ಮೂಗು ಮುರಿದು, ಹುಬ್ಬು ಗಂಟುಹಾಕಿ, ಇಲ್ಲ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತ ಲೊಚಗುಟ್ಟುತ್ತಿದ್ದಾನೆ. ಅವರು ಬೇರೆ ಥರ ನೋಡಲಾ ಎಂದು ದೈನ್ಯದಿಂದ ಕೇಳಿದರೆ, ಹೂಂ ನೋಡಿ ಎನ್ನುತ್ತಿದ್ದಾನೆ. ಇಂಥವನ ಜೊತೆ ಅವರು ಇಷ್ಟು ದಿನ ತಾಳಿಕೊಂಡದ್ದೇ ದೊಡ್ಡದು.

ಮರುದಿನವೇ ಲ್ಯಾಬಿಗೆ ರಜೆ ಹಾಕಿ ಬರ್ಕ್ಲಿಗೆ ಓಡಿದೆ. ಒಂದು ಕಾಫಿ ಅಂಗಡಿಯಲ್ಲಿ ವಾಲ್ಟರ್ ಅವರನ್ನು ಕೂರಿಸಿಕೊಂಡು, ಬೆವರುತ್ತ, ಸೋದರಮಾವನಿಂದ ಶುರುಮಾಡಿ ಎಲ್ಲ ವಿವರಿಸಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ ಕೇಳಿದರು: "ಹಾಗಾದ್ರೆ ನೀವು ತಲೆ ಆಡಿಸಿದಾಗ?"

"ಚೆನ್ನಾಗಿದೆ ಅಂತ."

"ಆ ಶಬ್ದ ಮಾಡಿದಾಗ?"

"ತುಂಬ ಚೆನ್ನಾಗಿದೆ ಅಂತ."

"ಛೇ?"

"ಅದಕ್ಕಿಂತ ಮೇಲೆ ಇನ್ನೇನೂ ಇಲ್ಲ."

ವಾಲ್ಟರ್ ಕಪ್ಪನ್ನು ಪಕ್ಕಕ್ಕೆ ಸರಿಸಿದರು. "ಚೆನ್ನಾಗಿಲ್ಲ ಅಂತ ಯಾರೂ ನನ್ನ ಮುಖಕ್ಕೇ ಹೇಳಿದ್ದಿಲ್ಲ. ನೀವೊಬ್ಬರೇ ನಿಜ ಹೇಳ್ತಿದೀರಿ ಅಂದ್ಕೊಂಡೆ. ಮನೇಲಿ ಕೂತು ಸ್ಕೇಲು ಪ್ರಾಕ್ಟೀಸ್ ಮಾಡ್ತಿದ್ದೆ, ಚಿಕ್ಕ ಹುಡುಗನ ಥರ" ಎಂದರು. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಅವರು ಮಾತ್ರ ಭುಜ ಕುಲುಕಿಸಿ ನಗತೊಡಗಿದರು. "ನಿಜವಾಗ್ಲೂ ಚೆನ್ನಾಗಿಲ್ದೆ ಇದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು. ಆಗ ನಾವು ಅಲ್ಲಾಡದೆ ಕೂತಿರುತ್ತೇವೆ, ಮುಗಿದ ಮೇಲೆ ಬಹಳ ಸೊಗಸಾಗಿತ್ತು ಎಂದು ಹೇಳಿ ಊಟಕ್ಕೆ ಹೋಗುತ್ತೇವೆ ಎಂದೆ. ಅದು ತಮ್ಮವರಲ್ಲೂ ಹಾಗೇ ಎಂದರು.

ಅಲ್ಲಿಂದ ಮುಂದೆ ರಿಹರ್ಸಲ್ ಸರಾಗವಾಯಿತು, ನನ್ನ ಕಳವಳಕ್ಕೆ ಮಾತ್ರ ಹೊಸ ದಾರಿ ಸಿಕ್ಕಿತು. ನನ್ನ ಲೊಚಗುಟ್ಟುವಿಕೆ ಮೈಕಿನಲ್ಲಿ ಕೇಳುತ್ತಿತ್ತು. ಧ್ವನಿ ನೋಡಿಕೊಳ್ಳುವಾತ ಎಲ್ಲೋ ವೈರು ಸಡಿಲವಾಗಿದೆ ಎಂದು ಕೇಬಲ್ಲುಗಳನ್ನೆಲ್ಲ ಬದಲಿಸಿ, ಕಡೆಗೆ ಸಡಿಲವಾಗಿರುವುದು ನಾನು ಎಂದು ಕಂಡುಹಿಡಿದ. ಕಾರ್ಯಕ್ರಮದ ದಿನ ಲಿನ್ ನನ್ನ ಕೈ ಹಿಡಿದು, "ಇವತ್ತೊಂದು ದಿನ ಪ್ಲೀಸ್" ಎಂದಳು.

ಸಭಾಂಗಣ ತುಂಬಿತ್ತು. ವಾಲ್ಟರ್ ನುಡಿಸತೊಡಗಿದರು. ನಾನು ನಾಲಿಗೆ ಕಚ್ಚಿ, ಕತ್ತು ಬಿಗಿಹಿಡಿದು ಕೂತೆ. ಮೂಗಿನ ಮೇಲೆ ಬೆವರು ಇಳಿಯಿತು. ಅವರು ಒಂದು ಸಲ ನನ್ನತ್ತ ನೋಡಿದರು, ಮತ್ತೊಂದು ಸಲ ನೋಡಿದರು. ಅವರ ಕಣ್ಣಿನಲ್ಲಿ ಭಯ ಕಂಡಿತು. ಅಲ್ಲಾಡದೆ ಕೂತರೆ ಏನರ್ಥ ಎಂದು ಹೇಳಿಕೊಟ್ಟವನು ನಾನೇ ಅಲ್ಲವೇ? ಕಮಾನು ಮೆಲ್ಲಗೆ ಇಳಿಯುತ್ತಿತ್ತು, ಲಿನ್‌ಳ ತೋಳು ಇನ್ನೂ ಗಾಳಿಯಲ್ಲೇ ಇತ್ತು. ಮೈಕು ಹಾಳಾಗಿಹೋಗಲಿ ಎಂದು ನಾನು ಕತ್ತು ಬಿಟ್ಟುಕೊಟ್ಟೆ, ಚ್ಚ್ ಚ್ಚ್ ಎಂದೆ, ಛೇ ಎಂದೂ ಅಂದೆ. ವಾಲ್ಟರ್ ಮುಖ ಅರಳಿತು. ಆಮೇಲೆ ಅವರು ನುಡಿಸಿದ್ದನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ.

ಕೊನೆಗೆ ನನ್ನ ಸರದಿ. ಘಟದ ಬಾಯನ್ನು ಹೊಟ್ಟೆಗೊತ್ತಿ ಶುರುಮಾಡಿದೆ. ಯಾರೂ ಕಾಫಿಗೆ ಏಳಲಿಲ್ಲ. ಬೆರಳಿಗೆ ಎಲ್ಲಿಂದಲೋ ಹುಮ್ಮಸ್ಸು ಬಂದು ನಡೆ ತಾನಾಗಿ ಓಡುತ್ತಿತ್ತು. ಮುಕ್ತಾಯದ ಹತ್ತಿರ ಬರುವಾಗ ಪಕ್ಕದಿಂದ ಚ್ಚ್ ಚ್ಚ್ ಎಂಬ ಸದ್ದು ಕೇಳಿ ತಿರುಗಿದೆ. ವಾಲ್ಟರ್ ಹುಬ್ಬು ಗಂಟುಹಾಕಿ, ಕಣ್ಣು ಮುಚ್ಚಿ, ಆ ದೊಡ್ಡ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು. ಅಯ್ಯೋ, ಎಲ್ಲಿ ತಪ್ಪಿದೆ ಎಂದುಕೊಂಡೆ. ಕೈ ನಿಂತುಹೋಯಿತು. ಮುಕ್ತಾಯ ಬೀಳಬೇಕಾದ ಜಾಗ ಸದ್ದಿಲ್ಲದೆ ದಾಟಿಹೋಯಿತು, ನಾನು ತಡವಾಗಿ ಅದರ ಹಿಂದೆ ಓಡಿ ಒಂದು ಏಟು ಹಾಕಿದೆ. ಜನ ಅದನ್ನೂ ಜಾಝ್ ಎಂದುಕೊಂಡು ಎದ್ದುನಿಂತು ಚಪ್ಪಾಳೆ ಹೊಡೆದರು.

ಕಾರಿನಲ್ಲಿ ವನಜಾ ಕೇಳಿದಳು: "ಅಷ್ಟು ಛಂದ ಹೊಂಟಿತ್ತು, ನಡುವ ಯಾಕ ನಿಂತ್ರಿ?"

ಮಡಕೆ ಜಾರಿತು ಎಂದೆ. ಇನ್ನೇನು ಹೇಳಲಿ? ನನ್ನ ಘಟಕ್ಕೆ ಒಬ್ಬರಾದರೂ ತಲೆಯಾಡಿಸಲಿ ಎಂದು ಇಷ್ಟು ವರ್ಷ ಕಾದೆ. ಕಡೆಗೂ ಒಬ್ಬರು, ನಾನೇ ಕಲಿಸಿದ ಪ್ರಕಾರ, ಒಂದಿಷ್ಟೂ ತಪ್ಪಿಲ್ಲದೆ ಆಡಿಸಿದರು. ಅದನ್ನು ಬೇಡ ಎಂದು ಅರ್ಥ ಮಾಡಿಕೊಂಡವನು ಆ ಸಭೆಯಲ್ಲಿ ನಾನೊಬ್ಬನೇ.